ಯುರೋಪಿನ ಡ್ರ್ಯಾಗನ್ ದೋಣಿ ಪಂದ್ಯ: ‘ದೇಶ ಗೆದ್ದಿತು’ ಎಂಬ ಮಾತನ್ನು ಹೇಗೆ ಓದಬೇಕು?

ಅಳಿವೆಬಾಗಿಲು ಬರೆಯುತ್ತಾರೆ:

ಎಲ್ಲರಿಗೂ ನಮಸ್ಕಾರ. ಡ್ರ್ಯಾಗನ್ ತಲೆಯ ಉದ್ದನೆಯ ದೋಣಿಯಲ್ಲಿ ಹಲವರು ಕುಳಿತು ಒಟ್ಟಿಗೆ ಹುಟ್ಟು ಹಾಕುವ ಡ್ರ್ಯಾಗನ್ ದೋಣಿ ಪಂದ್ಯಗಳಲ್ಲಿ ಯುರೋಪಿನ ಯಾವ ದೇಶ ಎಷ್ಟು ಬಲಶಾಲಿ ಎಂಬುದನ್ನು ತಿಳಿಯುವ ಕುತೂಹಲದಿಂದ ಹಳೆಯ ಫಲಿತಾಂಶಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೊರಟೆ. ಒಂದು ಸಾಲಿಗೆ ಒಂದು ವರ್ಷ, ಪಕ್ಕದಲ್ಲಿ ಊರು, ಅದರ ಪಕ್ಕದಲ್ಲಿ ಗೆದ್ದ ದೇಶ ಎಂಬ ಸರಳ ಪಟ್ಟಿ ಸಾಕೆಂದು ತಿಳಿದಿದ್ದೆ. ಹಂಗರಿಯ ಸೆಗೆಡ್ ಎಂಬ ಒಂದೇ ಊರು ನನ್ನ ಪಟ್ಟಿಯನ್ನು ಕೆಡಿಸಿಬಿಟ್ಟಿತು. ಅಲ್ಲಿ 2010ರಲ್ಲಿ ಒಂದು ವಿಶ್ವ ಚಾಂಪಿಯನ್‌ಷಿಪ್ ನಡೆದಿದೆ, 2013ರಲ್ಲಿ ಇನ್ನೊಂದು, 2018ರಲ್ಲಿ ಮತ್ತೊಂದು. ಮೂರಕ್ಕೂ ‘ವಿಶ್ವ’ ಎಂಬ ವಿಶೇಷಣವಿದೆ. ಆದರೆ ಮೂರನ್ನೂ ಒಂದೇ ಸಂಸ್ಥೆ ನಡೆಸಿಲ್ಲ, ಮೂರರಲ್ಲೂ ಸ್ಪರ್ಧಿಸಿದವರು ಒಂದೇ ಬಗೆಯ ತಂಡಗಳಲ್ಲ. ಹಾಗಿದ್ದ ಮೇಲೆ ‘ಜರ್ಮನಿ ಗೆದ್ದಿತು’, ‘ಝೆಕ್ ತಂಡ ಗೆದ್ದಿತು’ ಎಂದು ಓದಿದಾಗ ನಾನು ಏನೆಂದು ಅರ್ಥ ಮಾಡಿಕೊಳ್ಳಬೇಕು? ಹುಟ್ಟು ಹಾಕಿ ಅನುಭವವಿರುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಬೇಕು.

ಹಾವೆಲ್ ದಂಡೆ ಬರೆಯುತ್ತಾರೆ:

ಅಳಿವೆಬಾಗಿಲು ಅವರೇ, ನಿಮ್ಮ ಗೊಂದಲ ಸಹಜವಾದದ್ದು. ಇಲ್ಲಿ ಜರ್ಮನಿಯಲ್ಲಿ ವರ್ಷಗಟ್ಟಲೆ ಹುಟ್ಟು ಹಾಕಿದವರಿಗೂ ಇದನ್ನು ವಿವರಿಸುವಾಗ ಒಮ್ಮೆ ಉಸಿರು ಎಳೆದುಕೊಳ್ಳಬೇಕಾಗುತ್ತದೆ. ಸ್ವಲ್ಪ ಹಿಂದಿನಿಂದಲೇ ಬರುತ್ತೇನೆ.

ಚೀನಾದಲ್ಲಿ ಐದನೆಯ ಚಾಂದ್ರಮಾಸದ ಐದನೆಯ ದಿನ ನಡೆಯುವ ಹಬ್ಬದ ದೋಣಿಯೋಟ ಇಂದಿನ ಕ್ರೀಡೆಯ ರೂಪ ಪಡೆದದ್ದು 1976ರಲ್ಲಿ, ಹಾಂಗ್‌ಕಾಂಗ್‌ನ ಪ್ರವಾಸೋದ್ಯಮ ಸಂಸ್ಥೆ ಹೊರದೇಶದ ತಂಡವೊಂದನ್ನು ಪಂದ್ಯಕ್ಕೆ ಕರೆದಾಗ. ಜಪಾನಿನ ನಾಗಸಾಕಿಯಿಂದ ಬಂದ ತಂಡ ಅದು. ಮುಂದಿನ ವರ್ಷಗಳಲ್ಲಿ ಹಾಂಗ್‌ಕಾಂಗ್‌ನವರು ತೇಗದ ದೋಣಿಗಳನ್ನು ಯುರೋಪಿಗೂ ಕಳುಹಿಸಿದರು. 1990ರಲ್ಲಿ ಯುರೋಪಿನ ಒಕ್ಕೂಟವಾದ ಇಡಿಬಿಎಫ್, 1991ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ಐಡಿಬಿಎಫ್ ಸ್ಥಾಪನೆಯಾದವು. ಮಗು ತಾಯಿಗಿಂತ ಒಂದು ವರ್ಷ ಮೊದಲೇ ಹುಟ್ಟಿದ ಹಾಗೆ. ಐಡಿಬಿಎಫ್ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು 1995ರಲ್ಲಿ ಚೀನಾದ ಯುಯೆಯಾಂಗ್‌ನಲ್ಲಿ ನಡೆಸಿತು. ಈ ಹಬ್ಬದ ಮೂಲಕಥೆಯ ಕವಿ ಚು ಯುವಾನ್ ಮುಳುಗಿದನೆಂದು ಹೇಳುವ ಮಿಲುವೊ ನದಿ ಅದೇ ಸೀಮೆಯಲ್ಲಿದೆ.

ಇತ್ತ ಕಯಾಕ್ ಮತ್ತು ಕೆನೂ ಎಂಬ ಸಣ್ಣ ದೋಣಿಗಳ ಕ್ರೀಡೆಗಳನ್ನು ಒಲಿಂಪಿಕ್ಸಿನಲ್ಲಿ ನೋಡಿಕೊಳ್ಳುವ ಐಸಿಎಫ್ ಎಂಬ ಹಳೆಯ ಒಕ್ಕೂಟವಿದೆ. ಅದರ ಬೇರು 1924ರಷ್ಟು ಹಿಂದಿನದು. ಮುಂದಕ್ಕೆ ಮುಖ ಮಾಡಿ ಕುಳಿತು ಹುಟ್ಟು ಹಾಕುವ ದೋಣಿಯೆಲ್ಲ ತನ್ನ ವ್ಯಾಪ್ತಿಗೆ ಸೇರಿದ್ದು ಎಂಬುದು ಅದರ ನಿಲುವು. ಡ್ರ್ಯಾಗನ್ ದೋಣಿ ಸ್ವತಂತ್ರ ಕ್ರೀಡೆ, ಅದರ ಮನೆ ಬೇರೆ ಎಂಬುದು ಐಡಿಬಿಎಫ್ ನಿಲುವು. ಈ ಜಗಳ ಬಗೆಹರಿಯದೆ ಎರಡೂ ಸಂಸ್ಥೆಗಳು ತಮ್ಮ ತಮ್ಮ ವಿಶ್ವ ಪಂದ್ಯಗಳನ್ನು ನಡೆಸುತ್ತವೆ, ಯುರೋಪಿನಲ್ಲಿ ಅವುಗಳ ಅಂಗಸಂಸ್ಥೆಗಳು ತಮ್ಮ ತಮ್ಮ ಯುರೋಪಿಯನ್ ಪಂದ್ಯಗಳನ್ನು ನಡೆಸುತ್ತವೆ. ಸೆಗೆಡ್‌ನ 2010ರ ಪಂದ್ಯ ಐಸಿಎಫ್‌ನದು, 2013ರದು ಐಡಿಬಿಎಫ್‌ನ ರಾಷ್ಟ್ರತಂಡಗಳದು, 2018ರದು ಅದೇ ಐಡಿಬಿಎಫ್‌ನ ಕ್ಲಬ್ ತಂಡಗಳದು. ರಾಷ್ಟ್ರಗಳಿಗೆ ಬೆಸ ವರ್ಷ, ಕ್ಲಬ್ಬುಗಳಿಗೆ ಸಮ ವರ್ಷ ಎಂಬುದು ಐಡಿಬಿಎಫ್‌ನ ಸಾಮಾನ್ಯ ರೂಢಿ. ಜರ್ಮನಿಯೊಳಗೂ ಹೀಗೆಯೇ: ಡ್ರ್ಯಾಗನ್ ದೋಣಿಗೆಂದೇ ಇರುವ ಸಂಘ ಒಂದು, ಕೆನೂ ಸಂಘದ ಡ್ರ್ಯಾಗನ್ ದೋಣಿ ವಿಭಾಗ ಇನ್ನೊಂದು. ಆದ್ದರಿಂದ ‘ಜರ್ಮನಿ’ ಎಂಬ ಪದ ಕಂಡೊಡನೆ ಯಾವ ಜರ್ಮನಿ ಎಂದು ಕೇಳುವುದು ತಪ್ಪಲ್ಲ.

ಸಂಶಯಾತ್ಮ ಬರೆಯುತ್ತಾರೆ:

ಹಾವೆಲ್ ದಂಡೆಯವರು ಹೇಳಿದ್ದನ್ನು ಓದಿದ ಮೇಲೆ ನನ್ನ ಅನುಮಾನ ಇನ್ನಷ್ಟು ಬಲವಾಯಿತು. ಎರಡು ಒಕ್ಕೂಟ, ಇಪ್ಪತ್ತು ಜನರದು ಹತ್ತು ಜನರದು ಎಂದು ಎರಡು ಬಗೆಯ ದೋಣಿ, ಪುರುಷರ ಮತ್ತು ಮಹಿಳೆಯರ ತಂಡಗಳಲ್ಲದೆ ಮಿಶ್ರ ತಂಡ, ಕಿರಿಯರಿಂದ ಹಿಡಿದು ಅರವತ್ತು ದಾಟಿದವರವರೆಗೆ ವಯೋವರ್ಗ, ಇವೆಲ್ಲದರ ಮೇಲೆ ಬೇರೆ ಬೇರೆ ದೂರ. ಗುಣಿಸಿದರೆ ಪದಕಗಳ ಮಳೆಯೇ ಆಗುತ್ತದೆ. ಅದೂ ಸಾಲದೆಂಬಂತೆ ಹಲವು ದೇಶಗಳಲ್ಲಿ ರಾಷ್ಟ್ರತಂಡದವರು ವಿಮಾನದ ಟಿಕೆಟ್ಟು, ವಸತಿ, ಸಮವಸ್ತ್ರ ಎಲ್ಲವನ್ನೂ ಸ್ವಂತ ಹಣದಲ್ಲಿ ನೋಡಿಕೊಳ್ಳುತ್ತಾರೆ. ಬ್ರಿಟನ್ನಿನ ತಂಡ ಇದಕ್ಕೆ ಚೆನ್ನಾಗಿ ತಿಳಿದ ಉದಾಹರಣೆ. ರಜೆ ಸಿಕ್ಕವರು, ಖರ್ಚು ಭರಿಸಬಲ್ಲವರು ಸೇರಿ ಹೊರಟ ತಂಡವನ್ನು ಒಂದು ದೇಶದ ಅತ್ಯುತ್ತಮ ತಂಡವೆಂದು ಒಪ್ಪಿಕೊಳ್ಳುವುದು ಹೇಗೆ? ಯಾರ ಮನಸ್ಸನ್ನೂ ನೋಯಿಸಲು ಹೇಳುತ್ತಿಲ್ಲ.

ವಲ್ತಾವಾ ಬರೆಯುತ್ತಾರೆ:

ಸಂಶಯಾತ್ಮ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಖರ್ಚಿನ ವಿಷಯ ನಿಜ. ನಾನು ಪ್ರಾಗ್‌ನಲ್ಲಿ ಒಂದು ಕ್ಲಬ್ಬಿನ ಮಿಶ್ರ ದೋಣಿಯಲ್ಲಿ ಆರು ವರ್ಷ ಕುಳಿತಿದ್ದೇನೆ, ನನ್ನ ಹುಟ್ಟನ್ನು ನಾನೇ ಕೊಂಡಿದ್ದೇನೆ. ಆದರೆ ಸ್ವಂತ ಹಣ ಕೊಟ್ಟು ಹೋಗುವವರನ್ನು ಯಾರೂ ಕೈಬೀಸಿ ಕರೆದು ಕೂರಿಸಿಕೊಳ್ಳುವುದಿಲ್ಲ. ಒಬ್ಬರೇ ಕೂರುವ ಸಣ್ಣ ದೋಣಿಯಲ್ಲಿ ಗಡಿಯಾರ ಹಿಡಿದು ಓಡಿಸುತ್ತಾರೆ, ಭಾರ ಎತ್ತಿಸುತ್ತಾರೆ, ಆಮೇಲೆ ದೊಡ್ಡ ದೋಣಿಯಲ್ಲಿ ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸಿ ವ್ಯತ್ಯಾಸ ನೋಡುತ್ತಾರೆ. ಒಂದು ಬೇಸಿಗೆಯಲ್ಲಿ ಆಯ್ಕೆ ಶಿಬಿರಕ್ಕೆ ಹೋಗಿ ಎರಡನೆಯ ದಿನವೇ ಮನೆಗೆ ಮರಳಿದ ನಾನು ಅದನ್ನು ಅಧಿಕಾರದಿಂದ ಹೇಳಬಲ್ಲೆ.

ವರ್ಗಗಳ ಬಗ್ಗೆ ನೀವು ಪದಕಗಳ ಮಳೆ ಎಂದಿರಿ. ಫಲಿತಾಂಶ ಓದುವವರು ಇಷ್ಟು ಗಮನಿಸಿದರೆ ಸಾಕು. ವಯಸ್ಸಿನ ಮಿತಿಯಿಲ್ಲದ, ಪ್ರೀಮಿಯರ್ ಎಂದು ಕರೆಯುವ ವರ್ಗವೇ ದೇಶದ ಮುಖ್ಯ ಬಲವನ್ನು ತೋರಿಸುವುದು. ಅದರಲ್ಲೂ ಇಪ್ಪತ್ತು ಜನರ ದೋಣಿಯ ಫಲಿತಾಂಶಕ್ಕೆ ಹತ್ತು ಜನರ ದೋಣಿಯದಕ್ಕಿಂತ ಹೆಚ್ಚು ತೂಕ, ಏಕೆಂದರೆ ಹತ್ತು ಒಳ್ಳೆಯ ಜನರನ್ನು ಯಾವ ಸಣ್ಣ ದೇಶವೂ ಹುಡುಕಿಕೊಳ್ಳಬಹುದು, ಇಪ್ಪತ್ತು ಜನರನ್ನು ಹುಡುಕುವಾಗ ಆ ದೇಶದಲ್ಲಿ ಕ್ರೀಡೆ ಎಷ್ಟು ಆಳಕ್ಕಿಳಿದಿದೆ ಎಂಬುದು ಗೊತ್ತಾಗುತ್ತದೆ. ಮಿಶ್ರ ದೋಣಿಯಲ್ಲಿ ಐಡಿಬಿಎಫ್ ನಿಯಮದಂತೆ ಇಪ್ಪತ್ತರಲ್ಲಿ ಕನಿಷ್ಠ ಎಂಟು ಮಂದಿ ಮಹಿಳೆಯರಿರಬೇಕು. ನನ್ನ ಮಟ್ಟಿಗೆ ಒಂದು ದೇಶದ ನಿಜವಾದ ಪರೀಕ್ಷೆ ನಡೆಯುವುದು ಮಿಶ್ರ ವರ್ಗದಲ್ಲಿಯೇ. ಇದು ಪಕ್ಷಪಾತವೆಂದು ಬೇಕಾದರೆ ಹೇಳಿ.

ಇನ್ನು ಮಧ್ಯ ಮತ್ತು ಪೂರ್ವ ಯುರೋಪಿನ ಹೆಸರುಗಳೇ ಮೇಲೆ ಮೇಲೆ ಬರುವುದೇಕೆ ಎಂದರೆ, ಜರ್ಮನಿ, ಹಂಗರಿ, ಝೆಕ್, ಪೋಲೆಂಡ್, ಉಕ್ರೇನ್ ಇವೆಲ್ಲ ಕೆನೂ ಕ್ರೀಡೆಯ ಹಳೆಯ ಮನೆಗಳು. ಇಲ್ಲಿ ನದಿಯ ದಂಡೆಯಲ್ಲಿ ದೋಣಿಮನೆ ಇರುವುದು ನಮ್ಮೂರಿನಲ್ಲಿ ಗರಡಿಮನೆ ಇದ್ದಷ್ಟು ಸಹಜ. ಒಲಿಂಪಿಕ್ ತಂಡಕ್ಕೆ ಸ್ವಲ್ಪದರಲ್ಲಿ ಸೇರದೆ ಉಳಿದ ಕೆನೂ ಪಟು ಬಂದು ಡ್ರ್ಯಾಗನ್ ದೋಣಿಯ ಮೂರನೆಯ ಹಲಗೆಯಲ್ಲಿ ಕುಳಿತರೆ, ವಾರಕ್ಕೆರಡು ಸಂಜೆ ಅಭ್ಯಾಸ ಮಾಡುವ ನಮ್ಮಂಥವರು ಎಲ್ಲಿ ನಿಲ್ಲಬೇಕು?

ಗಣಿತದ ಮೇಷ್ಟ್ರು ಬರೆಯುತ್ತಾರೆ:

ನಾನು ನೀರಿಗಿಳಿದವನಲ್ಲ, ಲೆಕ್ಕ ಮಾತ್ರ ಮಾಡಬಲ್ಲೆ. ತಲೆ ಬಾಲಗಳನ್ನು ಬಿಟ್ಟು ಪಂದ್ಯದ ದೋಣಿಯ ಉದ್ದ 12.49 ಮೀಟರ್, ತೂಕ ಸುಮಾರು 250 ಕಿಲೋ. ಹುಟ್ಟು ಹಾಕುವ ಇಪ್ಪತ್ತು ಜನ, ಮುಂದೆ ನಗಾರಿಯವರು, ಹಿಂದೆ ಚುಕ್ಕಾಣಿಯವರು ಸೇರಿ ಇಪ್ಪತ್ತೆರಡು ಜನರಿಗೆ ತಲಾ 80 ಕಿಲೋ ಹಿಡಿದರೆ ನೀರಿನ ಮೇಲೆ ಸಾಗಬೇಕಾದ ಒಟ್ಟು ಭಾರ ಎರಡು ಟನ್. ಲೆಕ್ಕಕ್ಕೆ ಅನುಕೂಲವಾಗಲೆಂದು 500 ಮೀಟರನ್ನು ಸರಿಯಾಗಿ ಎರಡು ನಿಮಿಷದಲ್ಲಿ ಮುಗಿಸುವ ತಂಡವೊಂದನ್ನು ಊಹಿಸಿಕೊಳ್ಳಿ. ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್. ಒಂದು ದೋಣಿಯ ಉದ್ದವನ್ನು ದಾಟಲು ಮೂರು ಸೆಕೆಂಡು, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ 42 ಸೆಂಟಿಮೀಟರ್.

ಈಗ ನೋಡಿ. ನಿಮಿಷಕ್ಕೆ 70 ಬಾರಿ ಹುಟ್ಟು ಹಾಕಿದರೆ ಇಡೀ ಪಂದ್ಯಕ್ಕೆ 140 ಎಳೆತ, ಒಂದೊಂದು ಎಳೆತಕ್ಕೆ ಸುಮಾರು ಮೂರೂವರೆ ಮೀಟರ್. ಹುಟ್ಟಿನ ಒಂದು ಸುತ್ತಿಗೆ, ಅಂದರೆ ಒಂದು ಎಳೆತದಿಂದ ಮುಂದಿನ ಎಳೆತಕ್ಕೆ, 0.86 ಸೆಕೆಂಡು. ಇದರಲ್ಲಿ ಒಬ್ಬರು 0.1 ಸೆಕೆಂಡು ತಡವಾದರೆ ಸುತ್ತಿನ ಒಂಬತ್ತನೆಯ ಒಂದು ಭಾಗ ತಡವಾದಂತೆ. ಉಳಿದವರು ಹುಟ್ಟನ್ನು ನೀರಿನಿಂದ ಎತ್ತಿದ ಮೇಲೂ ಇವರದು ನೀರಿನಲ್ಲೇ ಇರುತ್ತದೆ, ಅಂದರೆ ದೋಣಿಗೆ ಅದು ತಡೆ. ಇನ್ನೊಂದು ಕಡೆ, ನೀರಿನ ಪ್ರತಿರೋಧವನ್ನು ಮೀರಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ತಂಡದ ಒಟ್ಟು ಶಕ್ತಿ ನೂರಕ್ಕೆ ಹತ್ತರಷ್ಟು ಹೆಚ್ಚಿದರೂ ವೇಗ ಏರುವುದು ಮೂರರಷ್ಟು ಮಾತ್ರ. ಪಂದ್ಯದಲ್ಲಿ ಅದು ಮೂರೂವರೆ ಸೆಕೆಂಡಿನ ಆಸುಪಾಸು, ಒಂದು ದೋಣಿಯುದ್ದಕ್ಕಿಂತ ತುಸು ಹೆಚ್ಚು. ಕೆನೂ ಪಟುಗಳಿಂದ ತುಂಬಿದ ದೋಣಿಗೂ ಚೆನ್ನಾಗಿ ಪಳಗಿದ ಕ್ಲಬ್ ದೋಣಿಗೂ ಅಂತರ ಏಕೆ ಇಷ್ಟು ಕಡಿಮೆ ಎಂಬುದು ಇದರಿಂದ ತಿಳಿಯಬಹುದೇನೋ. ತಪ್ಪಿದ್ದರೆ ತಿದ್ದಿ.

ಹಾವೆಲ್ ದಂಡೆ ಬರೆಯುತ್ತಾರೆ:

ಮೇಷ್ಟ್ರೇ, ನಿಮ್ಮ 0.1 ಸೆಕೆಂಡಿನ ಲೆಕ್ಕ ಓದಿ ನನ್ನ ಬೆನ್ನು ಒಮ್ಮೆ ಚಳಿಗೊಂಡಿತು. ಇಲ್ಲಿ ಬೇಸಿಗೆಯಲ್ಲಿ ಕಚೇರಿಗಳ ನಡುವೆ ವಿನೋದಕ್ಕೆಂದು ಡ್ರ್ಯಾಗನ್ ದೋಣಿ ಪಂದ್ಯಗಳನ್ನು ನಡೆಸುತ್ತಾರೆ; ಜರ್ಮನಿಯ ಎಷ್ಟೋ ಊರುಗಳಲ್ಲಿ ಈ ಕ್ರೀಡೆ ಜನರಿಗೆ ಗೊತ್ತಿರುವುದೇ ಹಾಗೆ. ನಮ್ಮ ಕಚೇರಿಯ ದೋಣಿಯಲ್ಲಿ ನನ್ನನ್ನು ಎಂಟನೆಯ ಹಲಗೆಯ ಎಡಬದಿಗೆ ಕೂರಿಸಿದ್ದರು. ಹೊರಡುವ ಸದ್ದಾದ ಕೂಡಲೇ ಎಲ್ಲರೂ ನಗಾರಿಯ ಸದ್ದನ್ನು ಕಿವಿಗೊಟ್ಟು ಕೇಳುತ್ತ ಹುಟ್ಟು ಹಾಕಿದೆವು. ನನ್ನ ಹುಟ್ಟು ಮುಂದಿನವರ ಹುಟ್ಟಿಗೆ ಟಕ್ಕೆಂದು ಬಡಿಯಿತು, ಹಿಂದಿನವರದು ನನ್ನದಕ್ಕೆ ಬಡಿಯಿತು. ನೂರು ಮೀಟರ್ ಹೋಗುವಷ್ಟರಲ್ಲಿ ಎಡಬದಿಯಲ್ಲಿ ಮರದ ಅಂಗಡಿಯಲ್ಲಿ ಕೆಲಸ ನಡೆಯುತ್ತಿರುವಂಥ ಸದ್ದು, ಮೊಣಕಾಲಿನವರೆಗೆ ನೀರು. ಆಮೇಲೆ ದಂಡೆಯಲ್ಲಿ ಒಬ್ಬ ಹಿರಿಯರು, ಹಿಂದೊಮ್ಮೆ ರಾಷ್ಟ್ರತಂಡದಲ್ಲಿ ಕುಳಿತಿದ್ದವರಂತೆ, ಹೇಳಿದ ಮಾತು ಇಷ್ಟೇ: ಕಿವಿಯಿಂದ ಹುಟ್ಟು ಹಾಕಬೇಡಿ, ಕಣ್ಣಿನಿಂದ ಹಾಕಿ, ನಿಮ್ಮೆದುರು ಕೂತವರ ಬೆನ್ನನ್ನಲ್ಲ, ಓರೆಯಾಗಿ ಆಚೆ ಬದಿಯ ಮೊದಲ ಹಲಗೆಯವರ ಮೇಲ್ಗೈಯನ್ನು ನೋಡಿ.

ಅಳಿವೆಬಾಗಿಲು ಬರೆಯುತ್ತಾರೆ:

ಹಾಗಾದರೆ ನಗಾರಿ ಇರುವುದು ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಏಳುತ್ತದಲ್ಲ. ನಾನು ಕೇರಳದ ಆಲಪ್ಪುಳದ ಪುನ್ನಮಡ ಹಿನ್ನೀರಿನಲ್ಲಿ 1952ರಿಂದ ನಡೆಯುತ್ತ ಬಂದಿರುವ ನೆಹರೂ ಟ್ರೋಫಿ ಪಂದ್ಯವನ್ನು ಒಮ್ಮೆ ದಂಡೆಯಲ್ಲಿ ನಿಂತು ನೋಡಿದ್ದೇನೆ. ಅಲ್ಲಿನ ಉದ್ದನೆಯ ಪಂದ್ಯದ ದೋಣಿಯಾದ ಚುಂಡನ್ ವಳ್ಳದಲ್ಲಿ ಸುಮಾರು ನೂರು ಜನ. ನಡುವೆ ನಿಂತವರು ಹಲಗೆಯ ಮೇಲೆ ಒನಕೆಯಂಥ ಕೋಲನ್ನು ಕುಟ್ಟುತ್ತ ತಾಳ ಹಿಡಿಯುತ್ತಾರೆ. ಅಷ್ಟುದ್ದದ ದೋಣಿಯಲ್ಲಿ ಕೊನೆಯವರಿಗೆ ಮುಂದಿನವರ ಕೈ ಕಾಣುವುದಿಲ್ಲವಾದ್ದರಿಂದ ಸದ್ದೇ ಗತಿ. ಡ್ರ್ಯಾಗನ್ ದೋಣಿಯೂ ಹಾಗೆಯೇ ಎಂದುಕೊಂಡಿದ್ದೆ.

ವಲ್ತಾವಾ ಬರೆಯುತ್ತಾರೆ:

ಬಹುತೇಕ ಎಲ್ಲರೂ ಹಾಗೆಂದುಕೊಂಡೇ ಬರುತ್ತಾರೆ. ನಿಜದಲ್ಲಿ ನಗಾರಿಯವರು ಮೊದಲ ಹಲಗೆಯ ಇಬ್ಬರ ಹುಟ್ಟನ್ನು ನೋಡಿ ಬಡಿಯುತ್ತಾರೆ. ಲಯ ಹುಟ್ಟುವುದು ಆ ಇಬ್ಬರ ಕೈಯಲ್ಲಿ, ನಗಾರಿಯಲ್ಲಲ್ಲ. ನಗಾರಿಯವರು ಹಿಂದಕ್ಕೆ ಮುಖ ಮಾಡಿ ಕುಳಿತಿರುವುದರಿಂದ ಇಡೀ ದೋಣಿಯನ್ನು ಕಾಣಬಲ್ಲವರು ಅವರೇ. ಯಾರು ಸೋಲುತ್ತಿದ್ದಾರೆ, ಪಕ್ಕದ ಪಥದ ದೋಣಿ ಎಷ್ಟು ಹಿಂದಿದೆ, ಕೊನೆಯ ಓಟಕ್ಕೆ ಕೂಗು ಹಾಕುವುದು ಯಾವಾಗ ಎಂಬುದನ್ನೆಲ್ಲ ನೋಡಿ ಹೇಳುವುದು ಅವರ ನಿಜವಾದ ಕೆಲಸ. ಚುಕ್ಕಾಣಿಯವರು ಹಿಂದೆ ನಿಂತಿರುತ್ತಾರೆ. 200 ಮೀಟರಿನಲ್ಲಿ ಅವರನ್ನು ಯಾರೂ ಗಮನಿಸುವುದಿಲ್ಲ, 2000 ಮೀಟರಿನಲ್ಲಿ ಪಂದ್ಯ ಅವರ ಕೈಯಲ್ಲಿರುತ್ತದೆ.

ಈ 2000 ಮೀಟರ್ ಬಗ್ಗೆ ಇಲ್ಲಿ ಯಾರೂ ಮಾತೆತ್ತಲಿಲ್ಲವಾದ್ದರಿಂದ ಹೇಳುತ್ತೇನೆ. ದೋಣಿಗಳು ಒಟ್ಟಿಗೆ ಹೊರಡುವುದಿಲ್ಲ. ಕೆಲವು ಸೆಕೆಂಡುಗಳ ಅಂತರದಲ್ಲಿ ಒಂದರ ಹಿಂದೊಂದು ಹೊರಟು, ಗುರುತಿನ ತೇಲುಗಳನ್ನು ಸುತ್ತಿಕೊಂಡು ಮರಳಿ ಬರುತ್ತವೆ. ತಿರುವಿನಲ್ಲಿ ಒಳಬದಿಯ ಹಿಂದಿನ ಕೆಲವರು ಹುಟ್ಟನ್ನು ನೀರಿನಲ್ಲಿ ಊರಿ ಹಿಡಿಯುತ್ತಾರೆ, ಹೊರಬದಿಯವರು ಎಳೆಯುತ್ತಲೇ ಇರುತ್ತಾರೆ, ಚುಕ್ಕಾಣಿಯವರು ಇಡೀ ಮೈಭಾರವನ್ನು ಉದ್ದನೆಯ ಹುಟ್ಟಿನ ಮೇಲೆ ಹಾಕುತ್ತಾರೆ. ದೋಣಿ ಒಂದು ಕಡೆಗೆ ವಾಲಿ ಅಂಚು ನೀರಿಗೆ ಬೆರಳಷ್ಟು ದೂರಕ್ಕೆ ಬಂದಾಗ ಹೊರಬದಿಯ ಹತ್ತೂ ಜನ ಹೆದರದೆ ಹೊರಕ್ಕೆ ಬಾಗಬೇಕು. ಮುಂದಿನ ದೋಣಿ ಎಬ್ಬಿಸಿದ ಅಲೆಯ ಮೇಲೆ ಏರಿ ಸ್ವಲ್ಪ ದೂರ ಪುಕ್ಕಟೆಯಾಗಿ ಸಾಗುವ ಜಾಣರೂ ಇದ್ದಾರೆ. ಹಿಂದಿನಿಂದ ಬಂದವರು ದಾಟುವಾಗ ದಾರಿ ಬಿಡದೆ ಅಡ್ಡ ನಿಂತರೆ ಸಮಯದಲ್ಲಿ ದಂಡ ಬೀಳುತ್ತದೆ. ನೇರ ಓಟದಲ್ಲಿ ಮೇಷ್ಟ್ರು ಹೇಳಿದ ಶಕ್ತಿಯ ಲೆಕ್ಕ ನಡೆಯುತ್ತದೆ. ಇಲ್ಲಿ ಎರಡು ಕೆಟ್ಟ ತಿರುವುಗಳಿಂದ ಬಲಶಾಲಿ ತಂಡವೂ ನಾಲ್ಕನೆಯ ಸ್ಥಾನಕ್ಕಿಳಿಯಬಹುದು. ಯಾವ ದೂರದಲ್ಲಿ ಗೆದ್ದರು ಎಂಬುದನ್ನು ನೋಡದೆ ದೇಶಗಳನ್ನು ಹೋಲಿಸಬಾರದು ಎಂದು ನಾನು ಹೇಳುವುದು ಇದಕ್ಕೇ.

ಸಂಶಯಾತ್ಮ ಬರೆಯುತ್ತಾರೆ:

ವಲ್ತಾವಾ ಮೇಡಂ, ಆಯ್ಕೆಯ ವಿಷಯದಲ್ಲಿ ನಾನು ದುಡುಕಿ ಹೇಳಿದೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಎರಡು ವಿಷಯ ಉಳಿಯುತ್ತವೆ. ಒಂದನೆಯದು, ಜೊತೆಯಾಗಿ ಪಳಗಲು ವರ್ಷಗಳು ಬೇಕೆಂದರೆ ಬೇರೆ ಬೇರೆ ಕ್ಲಬ್ಬುಗಳಿಂದ ಆರಿಸಿದ ರಾಷ್ಟ್ರತಂಡ ಒಂದೇ ಕ್ಲಬ್ಬಿನ ತಂಡಕ್ಕಿಂತ ಮೇಲಾಗುವುದು ಹೇಗೆ? 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡೂ ಕೊರಿಯಾಗಳ ಮಹಿಳೆಯರು ಒಂದೇ ದೋಣಿಯಲ್ಲಿ ಕುಳಿತು, ಸುಮಾರು ಮೂರೇ ವಾರಗಳ ಜಂಟಿ ಅಭ್ಯಾಸದಲ್ಲಿ ಪಾಲೆಂಬಾಂಗ್‌ನಲ್ಲಿ 500 ಮೀಟರಿನ ಚಿನ್ನ ಗೆದ್ದದ್ದನ್ನು ನೆನೆದರೆ ನನ್ನ ಪ್ರಶ್ನೆಗೆ ಅದೇ ಉತ್ತರವಿರಬಹುದು, ಗೊತ್ತಿದೆ; ಅವರೆಲ್ಲ ಮೊದಲೇ ಪಳಗಿದ ಪಟುಗಳಾಗಿದ್ದರು. ಎರಡನೆಯದು, ರಷ್ಯಾ ಈ ಕ್ರೀಡೆಯ ಬಲಿಷ್ಠ ದೇಶಗಳಲ್ಲೊಂದು. 2016ರ ಐಸಿಎಫ್ ವಿಶ್ವ ಪಂದ್ಯ ಮಾಸ್ಕೋದಲ್ಲಿಯೇ ನಡೆದಿತ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರಲ್ಲಿ ಅವರನ್ನು ಹೊರಗಿಟ್ಟ ಮೇಲೆ ಝೆಕ್‌ನ ರಾಚಿಟ್ಸೆಯಲ್ಲಿ ನಡೆದ ಪಂದ್ಯದ ಪದಕಗಳನ್ನು ಅದಕ್ಕೂ ಹಿಂದಿನವುಗಳ ಪಕ್ಕದಲ್ಲಿ ಹಾಗೆಯೇ ಇಟ್ಟು ನೋಡಲಾಗದು. ಹೊರಗಿಟ್ಟದ್ದು ಸರಿಯೋ ತಪ್ಪೋ ಎಂಬ ಮಾತಿಗೆ ನಾನು ಹೋಗುತ್ತಿಲ್ಲ. ಪಟ್ಟಿಯಲ್ಲಿ ಒಂದು ಅಡಿಟಿಪ್ಪಣಿ ಬೇಕು ಎನ್ನುತ್ತಿದ್ದೇನೆ.

ಹಾವೆಲ್ ದಂಡೆ ಬರೆಯುತ್ತಾರೆ:

ಅಡಿಟಿಪ್ಪಣಿಯ ಮಾತು ಒಪ್ಪಬೇಕಾದ್ದೇ. 2025ರ ಬೇಸಿಗೆಯಲ್ಲಿ ಐಡಿಬಿಎಫ್‌ನ ವಿಶ್ವ ಪಂದ್ಯ ಇಲ್ಲಿಯೇ, ಬ್ರಾಂಡೆನ್‌ಬರ್ಗ್‌ನ ಬೇಟ್ಜ್‌ಸೇ ಸರೋವರದಲ್ಲಿ ನಡೆಯಿತು. ಈ ಪಂದ್ಯಗಳಲ್ಲಿ ಆರಂಭಕ್ಕೆ ಮೊದಲು ಡ್ರ್ಯಾಗನ್ ತಲೆಯ ಕಣ್ಣಿಗೆ ಕುಂಚದಿಂದ ಬೊಟ್ಟಿಟ್ಟು ಅದನ್ನು ಎಬ್ಬಿಸುವ ವಿಧಿಯೊಂದಿದೆ. ನಮ್ಮಲ್ಲಿ ವಿಗ್ರಹಕ್ಕೆ ಮಾಡುವ ನೇತ್ರೋನ್ಮೀಲನ ನೆನಪಾಗದೆ ಇರದು. ವಿಷಯಕ್ಕೆ ಸಂಬಂಧವಿಲ್ಲ, ಕ್ಷಮಿಸಿ.

ಕ್ಲಬ್ ಮತ್ತು ರಾಷ್ಟ್ರತಂಡದ ಪ್ರಶ್ನೆಗೆ ನನಗೆ ಕಂಡದ್ದು ಹೀಗೆ. ಒಂದು ದೇಶದೊಳಗೆ ಎಲ್ಲ ಕ್ಲಬ್ಬುಗಳೂ ಹೆಚ್ಚು ಕಡಿಮೆ ಒಂದೇ ಶೈಲಿಯ ಎಳೆತವನ್ನು ಕಲಿಸುವಲ್ಲಿ, ರಾಷ್ಟ್ರತಂಡಕ್ಕೆ ಒಂದೆರಡು ಶಿಬಿರ ಸಾಕಾಗುತ್ತದೆ. ಒಬ್ಬೊಬ್ಬರು ಒಂದೊಂದು ಬಗೆ ಕಲಿತು ಬಂದಿರುವಲ್ಲಿ ಕೆಲವು ತರಬೇತುದಾರರು ಒಂದು ಬಲವಾದ ಕ್ಲಬ್ಬನ್ನೇ ನಡುವಿನ ಆಧಾರವಾಗಿಟ್ಟುಕೊಂಡು, ಖಾಲಿ ಉಳಿದ ಜಾಗಕ್ಕೆ ಮಾತ್ರ ಹೊರಗಿನವರನ್ನು ಸೇರಿಸುತ್ತಾರೆ. ಎರಡೂ ದೋಣಿಗಳ ಮೇಲೆ ದೇಶದ ಹೆಸರೇ ಇರುತ್ತದೆ.

ಅಳಿವೆಬಾಗಿಲು ಬರೆಯುತ್ತಾರೆ:

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಪುಟವನ್ನು ಹರಿದು ಹೊಸದಾಗಿ ಗೆರೆ ಹಾಕಿದ್ದೇನೆ: ಒಕ್ಕೂಟ, ರಾಷ್ಟ್ರವೋ ಕ್ಲಬ್ಬೋ, ದೋಣಿಯಲ್ಲಿ ಇಪ್ಪತ್ತೋ ಹತ್ತೋ, ವರ್ಗ, ವಯಸ್ಸು, ದೂರ, ಯಾರು ಗೈರು ಎಂಬ ಅಡಿಟಿಪ್ಪಣಿ, ಇಷ್ಟಾದ ಮೇಲೆ ಕೊನೆಯಲ್ಲಿ ದೇಶ. ಪುಟ ಅಡ್ಡಲಾಗಿ ತಿರುಗಿಸಿ ಬರೆಯಬೇಕಾಯಿತು. ಸೆಗೆಡ್‌ನ ಮೂರೂ ಸಾಲುಗಳು ಈಗ ಒಂದರ ಪಕ್ಕ ಒಂದು ಜಗಳವಿಲ್ಲದೆ ಕುಳಿತಿವೆ. ವಲ್ತಾವಾ ಅವರೇ, ಆ ಶಿಬಿರದಿಂದ ಎರಡನೆಯ ದಿನ ಮರಳಿದಿರಿ ಎಂದಿರಲ್ಲ, ನಿಮ್ಮನ್ನು ಎಬ್ಬಿಸಿ ಆ ಜಾಗದಲ್ಲಿ ಕೂರಿಸಿದವರಿಂದ ದೋಣಿ ನಿಜವಾಗಿಯೂ ವೇಗವಾಯಿತೇ?

ವಲ್ತಾವಾ ಬರೆಯುತ್ತಾರೆ:

ಆಯಿತು. 500 ಮೀಟರಿಗೆ ಅರ್ಧ ಸೆಕೆಂಡು. ಮೇಷ್ಟ್ರ ಲೆಕ್ಕದಲ್ಲಿ ಎರಡು ಮೀಟರಿಗಿಂತ ತುಸು ಹೆಚ್ಚು. ದಂಡೆಯಲ್ಲಿ ನಿಂತು ನಾನೇ ನೋಡಿದೆ.